ಸಿಕ್ಕಾ ಬಿದ್ದ ಸ್ವೀಕೃತಿ: ಕೆಲಸ ಕೇಳಿ ಪಡೆದ ನಮ್ಮ ಅನುಭವ

ರಾಯಚೂರು ಜಿಲ್ಲೆಯಲ್ಲಿ ನಾವು ಕೂಲಿಕಾರರ ಸಂಘ ಕಟ್ಟಿಕೊಂಡಿರುವ ನಾಲ್ಕೈದು ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿ ಕಾಯ್ದೆಯಡಿ (ನರೇಗಾ) ಕೆಲಸ ಕೇಳಿದವರಿಗೆ ಬಹುಮಟ್ಟಿಗೆ ಹದಿನೈದು ದಿನದೊಳಗೆ ಕೆಲಸ ಸಿಗುವಂತಾಯಿತು. ಹೀಗೆಂದರೆ ಪಕ್ಕದ ತಾಲ್ಲೂಕಿನ ಸಂಘಟಕರಲ್ಲಿ ಕೆಲವರು ಈಗಲೂ ನಂಬುವುದಿಲ್ಲ. ಅರ್ಜಿ ಬರೆದು ಸರ್ಕಾರವನ್ನು ಅಲ್ಲಾಡಿಸಲು ಹೊರಟವರು ಎಂದು ನಮ್ಮನ್ನು ಗೇಲಿ ಮಾಡಿದವರಲ್ಲಿ ನಮ್ಮದೇ ಹಿರಿಯ ಗೆಳೆಯರೂ ಇದ್ದರು. ಈಗ ಅವರಲ್ಲಿ ಇಬ್ಬರು ಮೂವರು ಬಂದು ನಮ್ಮ ಕಡತಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಹೋಗಿರುವುದರಿಂದ, ನಡೆದದ್ದನ್ನು ಒಮ್ಮೆ ಬರೆದಿಡುವುದು ಒಳ್ಳೆಯದೆನಿಸಿತು. ಮುಂದೆ ಬರುವ ಮೂರು ಹೆಸರುಗಳಲ್ಲಿ ನಮೂನೆ 6 ಎಂದರೆ ಕೆಲಸ ಕೇಳುವ ಅರ್ಜಿ, ಎನ್‌ಎಂಆರ್ ಎಂದರೆ ಕೂಲಿಕಾರರ ಹಾಜರಿ ಪಟ್ಟಿ, ಎಂಬಿ ಎಂದರೆ ಮಾಡಿದ ಕೆಲಸದ ಅಳತೆ ಬರೆಯುವ ಪುಸ್ತಕ.

ಮೊದಲ ಮೂರು ನಾಲ್ಕು ವರ್ಷ ನಾವು ನಡೆಸಿದ್ದು ಧರಣಿ. ಬೇಸಿಗೆ ಬಂತೆಂದರೆ ಎರಡು ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿದು ತಾಲ್ಲೂಕು ಪಂಚಾಯಿತಿಯ ಮುಂದೆ ಹೋಗಿ ಕೂರುತ್ತಿದ್ದೆವು. ಸಂಜೆಯ ಹೊತ್ತಿಗೆ ಕಾರ್ಯನಿರ್ವಾಹಕ ಅಧಿಕಾರಿ ಹೊರಬಂದು ಮನವಿಪತ್ರ ತೆಗೆದುಕೊಂಡು ಸೋಮವಾರದಿಂದ ಕೆಲಸ ಶುರು ಎನ್ನುತ್ತಿದ್ದರು. ಆ ಸೋಮವಾರ ಬರುವಷ್ಟರಲ್ಲಿ ಅರ್ಧ ಊರು ಬೆಂಗಳೂರಿಗೆ ಗುಳೆ ಹೋಗಿರುತ್ತಿತ್ತು. ಟ್ರ್ಯಾಕ್ಟರ್ ಬಾಡಿಗೆ, ಊಟ, ಮೈಕ್ ಎಲ್ಲ ಸೇರಿ ಒಂದು ಧರಣಿಗೆ ಎಂಟರಿಂದ ಹತ್ತು ಸಾವಿರ ರೂಪಾಯಿ ಆಗುತ್ತಿತ್ತು, ಅದರ ಮೇಲೆ ನೂರಾರು ಜನರ ಒಂದು ದಿನದ ದುಡಿಮೆಯೂ ಹೋಗುತ್ತಿತ್ತು. ಅಧಿಕಾರಿಯ ಪಾಲಿಗೆ ಅದು ಒಂದು ಮಧ್ಯಾಹ್ನದ ಕಿರಿಕಿರಿ. ಅವರ ಕಡತದಲ್ಲಿ ಅದರಿಂದ ಏನೂ ಬದಲಾಗುತ್ತಿರಲಿಲ್ಲ.

ಅನಂತರ ಮಾಹಿತಿ ಹಕ್ಕಿನ ಕಡೆ ಹೊರಳಿದೆವು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಮೂರು ವರ್ಷದ ಎಲ್ಲ ಎನ್‌ಎಂಆರ್, ಎಲ್ಲ ಬಿಲ್ಲುಗಳ ಪ್ರತಿ ಕೊಡಿ ಎಂದು ಕೇಳಿದಾಗ ಬಂದ ಉತ್ತರ, ಸುಮಾರು ಆರು ಸಾವಿರ ಪುಟಗಳಿವೆ, ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿ ಎಂದಿತ್ತು. ಹನ್ನೆರಡು ಸಾವಿರ ಎಲ್ಲಿಂದ ತರುವುದು? ಇನ್ನೊಂದು ಅರ್ಜಿಯನ್ನು, ಒಂದು ಅರ್ಜಿಗೆ ಒಂದೇ ವಿಷಯವಿರಬೇಕು, 150 ಪದ ಮೀರಬಾರದು ಎಂಬ ಕರ್ನಾಟಕದ ನಿಯಮ ತೋರಿಸಿ ಹಿಂದಿರುಗಿಸಿದರು. ಮೇಲ್ಮನವಿಯ ದಾರಿ ಹಿಡಿದ ಒಂದು ಪ್ರಕರಣ ಮಾಹಿತಿ ಆಯೋಗದ ಮುಂದೆ ವಿಚಾರಣೆಗೆ ಬರುವಷ್ಟರಲ್ಲಿ ಒಂದೂವರೆ ವರ್ಷ ಕಳೆದು, ನಾವು ಯಾವ ಚೆಕ್‌ಡ್ಯಾಮಿನ ಬಗ್ಗೆ ಕೇಳಿದ್ದೆವೋ ಅದು ಮಳೆಗೆ ಕೊಚ್ಚಿಹೋಗಿತ್ತು. ಆಮೇಲೆ ಪ್ರತಿ ಕೇಳುವುದನ್ನೇ ಬಿಟ್ಟು, ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಕೊಡುವ ಪರಿಶೀಲನೆಯ ಹಕ್ಕನ್ನು ಹಿಡಿದುಕೊಂಡೆವು. ಒಂದು ಕಾಮಗಾರಿಯ ಕಡತ, ಒಂದು ಅರ್ಜಿ. ಕಚೇರಿಯಲ್ಲೇ ಕುಳಿತು ಓದಿ, ನೋಟ್‌ಬುಕ್ಕಿಗೆ ಇಳಿಸಿಕೊಂಡು, ಬೇಕಾದ ಏಳೆಂಟು ಪುಟಗಳ ಪ್ರತಿಯನ್ನು ಮಾತ್ರ ಕೇಳುವುದು. ಇದರಿಂದ ಖರ್ಚು ಇಪ್ಪತ್ತು ಮೂವತ್ತು ರೂಪಾಯಿಗೆ ಇಳಿಯಿತು. ಆದರೆ ಇದು ಹಳೆಯ ಕಳ್ಳತನವನ್ನು ತೋರಿಸುತ್ತಿತ್ತೇ ಹೊರತು ಮುಂದಿನ ವಾರದ ಕೆಲಸವನ್ನು ತರುತ್ತಿರಲಿಲ್ಲ.

ದಾರಿ ಸಿಕ್ಕಿದ್ದು 2018ರ ಬರದ ನಂತರ, ಉದ್ಯೋಗ ಖಾತರಿ ಕಾಯ್ದೆಯ ಕಲಂ 7 ಮತ್ತು 22ನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದಾಗ. ಆಗ ಕೂಲಿಯ ಪೂರ್ತಿ ಹಣವನ್ನೂ ಸಾಮಗ್ರಿಯ ಮುಕ್ಕಾಲು ಭಾಗವನ್ನೂ ಕೇಂದ್ರ ಸರ್ಕಾರ ಕೊಡುತ್ತಿತ್ತು. ಕೆಲಸ ಕೇಳಿದ ಹದಿನೈದು ದಿನದೊಳಗೆ ಕೆಲಸ ಕೊಡದಿದ್ದರೆ ಸಲ್ಲಬೇಕಾದ ನಿರುದ್ಯೋಗ ಭತ್ಯೆ ಮಾತ್ರ ರಾಜ್ಯದ ಬೊಕ್ಕಸದಿಂದ ಹೋಗಬೇಕಿತ್ತು. ಅಂದರೆ ಕೆಲಸ ಕೊಟ್ಟರೆ ದಿಲ್ಲಿಯ ಹಣ, ಕೊಡದಿದ್ದರೆ ಬೆಂಗಳೂರಿನ ಹಣ. ಭತ್ಯೆಯ ದರ ಮೊದಲ ಮೂವತ್ತು ದಿನಕ್ಕೆ ಕನಿಷ್ಠ ಕೂಲಿಯ ಕಾಲು ಭಾಗ, ಅನಂತರ ಕನಿಷ್ಠ ಅರ್ಧ. ಆಗ ಕೂಲಿ 249 ರೂಪಾಯಿ ಇದ್ದುದರಿಂದ ದಿನಕ್ಕೆ 62 ರೂಪಾಯಿಯ ಲೆಕ್ಕ. ಒಬ್ಬರಿಗೆ ಇದು ಚಿಲ್ಲರೆ ಹಣವೇ ಸರಿ, ಆದರೆ ಅರವತ್ತು ಜನರ ಒಂದು ಗುಂಪಿಗೆ ಹದಿನಾಲ್ಕು ದಿನಕ್ಕೆ ಅದು ಐವತ್ತು ಸಾವಿರ ದಾಟುತ್ತದೆ. ಅಷ್ಟು ಹಣ ಏಕೆ ಹೋಯಿತೆಂದು ಜಿಲ್ಲಾ ಪಂಚಾಯಿತಿಗೆ ಬರೆದು ಕೊಡಬೇಕಾದ ಪರಿಸ್ಥಿತಿಯನ್ನು ಯಾವ ಅಧಿಕಾರಿಯೂ ಬಯಸುವುದಿಲ್ಲ.

ಹಾಗಾದರೆ ಈ ಭತ್ಯೆ ಯಾರಿಗೂ ಏಕೆ ಸಿಗುತ್ತಿರಲಿಲ್ಲ? ಇಲ್ಲಿಯೇ ಸೂಕ್ಷ್ಮವಿರುವುದು. ಜನ ಅರ್ಜಿ ಕೊಟ್ಟ ದಿನ ಕಂಪ್ಯೂಟರಿನಲ್ಲಿ ಏನೂ ದಾಖಲಾಗುವುದಿಲ್ಲ. ಅರ್ಜಿ ಮೇಜಿನ ಖಾನೆಯಲ್ಲಿ ಮಲಗಿರುತ್ತದೆ. ಮೂರು ವಾರವೋ ಒಂದು ತಿಂಗಳೋ ಕಳೆದು ಕಾಮಗಾರಿ ಮಂಜೂರಾದ ದಿನ ಡಾಟಾ ಎಂಟ್ರಿ ಆಪರೇಟರ್ ಅದನ್ನು ತೆಗೆದು, ಅಂದೇ ಕೆಲಸ ಕೇಳಿದರು, ಮರುದಿನವೇ ಕೆಲಸ ಕೊಟ್ಟೆವು ಎಂದು ಏರಿಸುತ್ತಾನೆ. ಪರದೆಯ ಮೇಲೆ ವಿಳಂಬವೆಂಬುದೇ ಇರುವುದಿಲ್ಲ, ಆದ್ದರಿಂದ ಭತ್ಯೆಯೂ ಹುಟ್ಟುವುದಿಲ್ಲ. ಈ ಕೈಚಳಕವನ್ನು ಮುರಿಯಬಲ್ಲದ್ದು ಒಂದೇ: ಅರ್ಜಿ ಕೊಟ್ಟ ದಿನಾಂಕ, ಸಹಿ, ಕಚೇರಿಯ ಮೊಹರು (ನಮ್ಮ ಕಡೆ ಸಿಕ್ಕಾ ಎನ್ನುವುದು) ಇರುವ ಸ್ವೀಕೃತಿ. ಕಾಯ್ದೆಯಲ್ಲಿ ದಿನಾಂಕ ಸಹಿತ ರಸೀದಿಯ ಮಾತು ಮೊದಲಿನಿಂದಲೂ ಇತ್ತು; ಆದರೆ ನಮ್ಮ ಕಡೆ ಅದನ್ನು ಪಟ್ಟುಹಿಡಿದು ಕೇಳಿದವರಿರಲಿಲ್ಲ.

ಕೇಳಿದ ಮೊದಲ ದಿನವನ್ನು ನಾನು ಮರೆಯಲಾರೆ. ಇಪ್ಪತ್ತು ಇಪ್ಪತ್ತೈದು ಹೆಂಗಸರು ನಮೂನೆ 6ರ ಎರಡೆರಡು ಪ್ರತಿ ಹಿಡಿದು ಪಂಚಾಯಿತಿಗೆ ಹೋದರು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅರ್ಜಿಗಳನ್ನು ಇಸಿದುಕೊಂಡು, ‘ಆನ್‌ಲೈನ್ ಏರಸ್ತೀವಿ, ಹೋಗ್ರಿ’ ಎಂದರು. ಗುಂಪಿನ ಹಿರಿಯಕ್ಕ ಕದಲಲಿಲ್ಲ. ‘ಆನ್‌ಲೈನ್ ನಿಮಗಿರ್ಲಿ ಸರ, ನಮಗ ಸಿಕ್ಕಾ ಬೇಕ್ರಿ’ ಎಂದು ಎರಡನೆಯ ಪ್ರತಿಯನ್ನು ಮೇಜಿನ ಮೇಲೆ ಚಾಚಿ ಅಲ್ಲೇ ನೆಲದ ಮೇಲೆ ಕುಳಿತರು. ಸಿಕ್ಕಾ ಬೀರುವಿನಲ್ಲಿದೆ, ಬೀರುವಿನ ಕೀಲಿ ಕಾರ್ಯದರ್ಶಿಯ ಬಳಿ ಇದೆ, ಕಾರ್ಯದರ್ಶಿ ಮೀಟಿಂಗಿನಲ್ಲಿದ್ದಾರೆ ಎಂಬ ಮಾತು ಮೂರು ಗಂಟೆಯವರೆಗೆ ನಡೆಯಿತು. ಆಮೇಲೆ ಮೇಜಿನ ಖಾನೆಯಿಂದಲೇ ಸಿಕ್ಕಾ ಹೊರಬಂತು. ಮೊಹರು ಒತ್ತಿದ ಮೇಲೆ ದಿನಾಂಕ ಬರೆಯದೆ ಸಹಿ ಮಾತ್ರ ಮಾಡಿಕೊಟ್ಟ ಪ್ರತಿಗಳನ್ನು ಆ ಅಕ್ಕ ಒಂದೊಂದಾಗಿ ಹಿಂದಕ್ಕೆ ತಳ್ಳಿ ದಿನಾಂಕ ಹಾಕಿಸಿದರು. ಅವರಿಗೆ ಓದು ಬರುವುದಿಲ್ಲ, ಆದರೆ ದಿನಾಂಕ ಎಲ್ಲಿರಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ತೆಗೆದುಕೊಳ್ಳುವುದೇ ಇಲ್ಲವೆಂದ ಇನ್ನೊಂದು ಪಂಚಾಯಿತಿಯ ಅರ್ಜಿಗಳನ್ನು ನಾವು ತಾಲ್ಲೂಕಿನ ಕಾರ್ಯಕ್ರಮ ಅಧಿಕಾರಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿದೆವು. ಅರ್ಜಿಯನ್ನು ಅಲ್ಲಿಗೂ ಸಲ್ಲಿಸಬಹುದಿತ್ತು, ಆಗ ಖರ್ಚು ಮೂವತ್ತು ರೂಪಾಯಿಯ ಆಸುಪಾಸು, ಅಂಚೆ ತಲುಪಿತೆಂದು ಮರಳಿ ಬರುವ ಚೀಟಿಯೇ ರಸೀದಿ.

ಹದಿನಾರನೆಯ ದಿನ ಬೆಳಿಗ್ಗೆ, ಸ್ವೀಕೃತಿಗಳ ಜೆರಾಕ್ಸ್ ಲಗತ್ತಿಸಿ, ಪ್ರತಿಯೊಬ್ಬರ ಹೆಸರಿನ ಮುಂದೆ ಸಲ್ಲಬೇಕಾದ ಭತ್ಯೆಯನ್ನು ಲೆಕ್ಕ ಹಾಕಿ ಒಂದೇ ಹಾಳೆಯಲ್ಲಿ ಬೇಡಿಕೆ ಸಲ್ಲಿಸಿದೆವು. ಘೋಷಣೆಯಿಲ್ಲ, ಮೈಕಿಲ್ಲ. ಕಲಂ 23ರ ಪ್ರಕಾರ ಇದನ್ನು ದೂರು ವಹಿಯಲ್ಲಿ ನಮೂದಿಸಿ ಏಳು ದಿನದೊಳಗೆ ಇತ್ಯರ್ಥಪಡಿಸಬೇಕು ಎಂಬ ಒಂದು ಸಾಲನ್ನು ಕೊನೆಯಲ್ಲಿ ಸೇರಿಸಿದ್ದೆವು. ಅಂದು ಸಂಜೆಯೇ ಪಿಡಿಒ ಫೋನ್ ಮಾಡಿ, ಊರ ಕೆರೆಯ ಹೂಳಿನ ಕೆಲಸಕ್ಕೆ ಎನ್‌ಎಂಆರ್ ತೆಗೆಯುತ್ತಿದ್ದೇವೆ, ಹೆಸರು ಕಳಿಸಿ ಎಂದರು. ವಾರದೊಳಗೆ ಅರವತ್ತರ ಹತ್ತಿರ ಜನ ಕೆರೆಯಲ್ಲಿ ಇಳಿದಿದ್ದರು. ಭತ್ಯೆ ಮಾತ್ರ ಇಂದಿಗೂ ಒಂದು ರೂಪಾಯಿ ಬಂದಿಲ್ಲ, ಮತ್ತು ನನಗೆ ಅದರ ಬಗ್ಗೆ ದೊಡ್ಡ ದುಃಖವೂ ಇಲ್ಲ. ಭತ್ಯೆಯ ಬೇಡಿಕೆಯನ್ನು ಯಾವ ವಾರ ಹಾಕಬೇಕು, ಅದರ ಪ್ರತಿಯನ್ನು ಮೊದಲು ಯಾರ ಮೇಜಿಗೆ ತಲುಪಿಸಬೇಕು ಎಂಬುದರಲ್ಲಿ ನಮ್ಮದೇ ಒಂದು ಲೆಕ್ಕವಿದೆ. ಅದನ್ನು ಇಲ್ಲಿ ಬರೆದರೆ ಮುಂದಿನ ಬೇಸಿಗೆಗೆ ಅದು ಕೆಲಸಕ್ಕೆ ಬಾರದೆ ಹೋಗುತ್ತದೆ. ಬೇಕಾದವರು ಬಂದು ಕೇಳಲಿ.

ಕೆಲಸ ಸಿಕ್ಕ ಮೇಲೆ ಅಳತೆಯ ಜಗಳ: ಕೂಲಿ ಬೀಳುತ್ತಿದ್ದುದು ಅಗೆದ ಮಣ್ಣಿನ ಅಳತೆಯ ಮೇಲೆ. 249 ಎಂದು ಘೋಷಿಸಿದ ಕೂಲಿ ಖಾತೆಗೆ ಬೀಳುವಾಗ 170, 180 ಆಗಿರುತ್ತಿತ್ತು, ಏಕೆಂದರೆ ಎಂಜಿನಿಯರ್ ಬಂದು ನೋಡುವ ಹೊತ್ತಿಗೆ ಗುಂಡಿಯ ಅಂಚು ಕುಸಿದು, ಮೂಲ ನೆಲ ಎಲ್ಲಿತ್ತೆಂಬ ಗುರುತೇ ಉಳಿದಿರುವುದಿಲ್ಲ. ಇದಕ್ಕೆ ನಾವು ಕಂಡುಕೊಂಡದ್ದು ಹಳೆಯ ಮಣ್ಣು ಕೆಲಸದವರ ಉಪಾಯ: ಅಗೆಯುವ ಜಾಗದ ನಡುವೆ ಒಂದು ಮೊಳ ಅಗಲದ ಮಣ್ಣಿನ ದಿಂಡನ್ನು ಮುಟ್ಟದೆ ಬಿಡುವುದು, ಅದರ ತಲೆಯ ಮೇಲಿನ ಹುಲ್ಲನ್ನೂ ಕೀಳದೆ ಉಳಿಸುವುದು. ಹುಲ್ಲಿದ್ದರೆ ಅದೇ ಮೂಲ ನೆಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಪ್ರತಿ ಶನಿವಾರ ಕಾಯಕ ಬಂಧು (ಕೂಲಿಕಾರರ ಗುಂಪಿನ ಮುಂದಾಳು) ಟೇಪು ಹಿಡಿದು ಉದ್ದ, ಅಗಲ, ಆಳ ಬರೆದುಕೊಳ್ಳುತ್ತಾರೆ. ಎಂಬಿ ಬರೆಯುವಾಗ ಆ ಚೀಟಿಯನ್ನು ಎಂಜಿನಿಯರ್ ಮುಂದೆ ಇಡುತ್ತಾರೆ. ನೂರೈವತ್ತು ರೂಪಾಯಿಯ ಆ ಟೇಪು ನಮ್ಮ ಸಂಘ ಕೊಂಡ ವಸ್ತುಗಳಲ್ಲೇ ಅತಿ ಹೆಚ್ಚು ಲಾಭ ತಂದದ್ದು. ಎರಡು ಮೂರು ತಿಂಗಳಲ್ಲಿ ಕೂಲಿ 240ರ ಆಸುಪಾಸಿಗೆ ಬಂತು.

ನಡುವೆ ಗೋಡೆ ಬರಹದ ಒಂದು ಪ್ರಯೋಗವನ್ನೂ ಮಾಡಿದೆವು. ನರೇಗಾ ಜಾಲತಾಣದಲ್ಲಿ ಜಾಬ್ ಕಾರ್ಡುವಾರು ದಿನಗಳೂ ಹಣವೂ ಯಾರಿಗಾದರೂ ಕಾಣುತ್ತಿದ್ದವು, ಅದನ್ನೇ ಊರ ನಡುವಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದೆವು. ಬಣ್ಣಕ್ಕೂ ಬರೆಯುವವನಿಗೂ ಸೇರಿ ಒಂದೂವರೆ ಸಾವಿರ ಖರ್ಚಾಯಿತು. ಮೂರನೆಯ ರಾತ್ರಿ ಯಾರೋ ಸುಣ್ಣ ಬಳಿದು ಹೋದರು. ಆಮೇಲೆ ಖರ್ಚೇ ಇಲ್ಲದ ದಾರಿ ಹಿಡಿದು, ಸಂಜೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹೆಸರುಗಳನ್ನು ಜೋರಾಗಿ ಓದತೊಡಗಿದೆವು. ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್‌ಕಿರಾನಾದಲ್ಲಿ 1994ರ ಡಿಸೆಂಬರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ನಡೆಸಿದ ಮೊದಲ ಜನಸುನವಾಯಿಯಲ್ಲಿಯೂ (ಊರವರ ಮುಂದಿನ ಬಹಿರಂಗ ವಿಚಾರಣೆ) ಇದೇ ಆದದ್ದು: ಹಾಜರಿ ಪಟ್ಟಿಯನ್ನು ಓದಿದರು, ಜನ ಉತ್ತರ ಕೊಟ್ಟರು. ನಮ್ಮಲ್ಲಿ, ವರ್ಷವಿಡೀ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿರುವ ಒಬ್ಬರ ಹೆಸರು ಪೂರ್ತಿ ವಾರದ ಹಾಜರಿಯೊಂದಿಗೆ ಬಂದಾಗ, ಕಟ್ಟೆಯ ಮೇಲಿದ್ದ ಅವರ ತಾಯಿಯೇ ‘ನಮ್ ಹುಡುಗ ಯಾವಾಗ ಬಂದಿದ್ನಪ್ಪ?’ ಎಂದು ಕೇಳಿದರು. ಉದ್ಯೋಗ ಖಾತರಿ ಕಾಯ್ದೆಯ ಕಲಂ 17 ಹೇಳಿದ ಸಾಮಾಜಿಕ ಪರಿಶೋಧನೆಯ, ಅಂದರೆ ಕಾಮಗಾರಿಗಳನ್ನು ಊರವರೇ ತಪಾಸಣೆ ಮಾಡುವ, ಗ್ರಾಮಸಭೆಯಲ್ಲಿ ಇಂಥ ಪ್ರಶ್ನೆ ಬಂದದ್ದನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ಅಲ್ಲಿ ವೇದಿಕೆಯ ಮೇಲೆ ಕುಳಿತವರನ್ನು ನೋಡಿದರೆ ಬಾಯಿ ಕಟ್ಟುತ್ತದೆ.

ಹಣದ ವಿಷಯವನ್ನು ಬರೆಯದೆ ಬಿಡುವುದು ಸರಿಯಲ್ಲ. ಮೊದಲು ಒಂದು ದೊಡ್ಡ ಸಂಸ್ಥೆ ತನಗೆ ಬರುತ್ತಿದ್ದ ವಿದೇಶಿ ದೇಣಿಗೆಯಲ್ಲಿ ನಮಗೆ ತಿಂಗಳಿಗೆ ಸ್ವಲ್ಪ ಕೊಡುತ್ತಿತ್ತು. 2020ರ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ತಿದ್ದುಪಡಿಯಾಗಿ, ಅಂಥ ಹಣವನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವುದೇ ನಿಷಿದ್ಧವಾಯಿತು. ಆಡಳಿತ ವೆಚ್ಚದ ಮಿತಿಯೂ ಶೇಕಡ 50ರಿಂದ 20ಕ್ಕೆ ಇಳಿಯಿತು. ನಮ್ಮಂಥ ಎಷ್ಟೋ ಚಿಕ್ಕ ಗುಂಪುಗಳು ಆಗ ಕಚೇರಿಯ ಬಾಗಿಲು ಹಾಕಿದವು. ಆ ಹೊತ್ತಿಗಾಗಲೇ ಪ್ರತಿ ಎನ್‌ಎಂಆರ್‌ನ ಕೂಲಿ ಜಮೆಯಾದಾಗ ತಲೆಗೆ ಹತ್ತು ರೂಪಾಯಿ ಎಂಬ ಪದ್ಧತಿಯನ್ನು ನಾವು ತಂದಿದ್ದರಿಂದ ಬದುಕಿಕೊಂಡೆವು. ಜೆರಾಕ್ಸ್, ಅಂಚೆ, ಬಸ್ ಚಾರ್ಜು ಎಲ್ಲ ಸೇರಿ ತಿಂಗಳಿಗೆ ಎರಡೂವರೆ ಸಾವಿರದಿಂದ ಮೂರು ಸಾವಿರ. ಹಂಗಾಮಿನಲ್ಲಿ ಅದಕ್ಕಿಂತ ಹೆಚ್ಚೇ ಸಂಗ್ರಹವಾಗುತ್ತದೆ. ಸದಸ್ಯರ ಹತ್ತು ರೂಪಾಯಿಯಿಂದ ನಡೆಯುವ ಸಂಘಕ್ಕೆ ಯಾವ ಇಲಾಖೆಯ ನೋಟಿಸೂ ಅಷ್ಟು ಸುಲಭವಾಗಿ ತಟ್ಟುವುದಿಲ್ಲ ಎಂಬ ಧೈರ್ಯವೂ ಇದರಿಂದ ಬಂದಿದೆ.

2023ರ ಬೇಸಿಗೆಯ ಹೊತ್ತಿಗೆ ಕೂಲಿ 316 ಆಗಿತ್ತು, ತೊಡಕು ಬೇರೆಯಾಗಿತ್ತು. ಆ ವರ್ಷದ ಜನವರಿ 1ರಿಂದ ಎಲ್ಲ ಕಾಮಗಾರಿಗಳಲ್ಲೂ ಎನ್‌ಎಂಎಂಎಸ್ ಎಂಬ ಮೊಬೈಲ್ ಹಾಜರಿ ಆ್ಯಪ್‌ನಲ್ಲಿ ದಿನಕ್ಕೆರಡು ಬಾರಿ ಫೋಟೊ ಸಹಿತ ಹಾಜರಿ ಕಡ್ಡಾಯವಾಗಿತ್ತು. ನಮ್ಮ ಕೆರೆಯಂಗಳದಲ್ಲಿ ನೆಟ್‌ವರ್ಕ್ ಹಿಡಿಯುವುದು ಏರಿಯ ಮೇಲೆ ಒಂದೇ ಜಾಗದಲ್ಲಿ. ಫೋಟೊ ಏರದ ದಿನ ಗೈರುಹಾಜರಿ ಬಿದ್ದು ಕೂಲಿ ಹೋಗುತ್ತಿತ್ತು. ಇದಕ್ಕೂ ನಾವು ಹಳೆಯ ಮದ್ದನ್ನೇ ಅರೆದೆವು: ಫೋಟೊ ಏರದ ದಿನವೇ, ಸಂಜೆ ಐದರೊಳಗೆ, ಅಂದು ಕೆಲಸ ಮಾಡಿದವರ ಹೆಸರು, ಸಹಿ ಅಥವಾ ಹೆಬ್ಬೆಟ್ಟಿರುವ ಹಾಳೆಯ ಎರಡು ಪ್ರತಿ ಪಂಚಾಯಿತಿಗೆ ಹೋಗುತ್ತಿತ್ತು, ಒಂದು ಸಿಕ್ಕಾ ಹಾಕಿಸಿಕೊಂಡು ಮರಳುತ್ತಿತ್ತು. ಆ ಏಪ್ರಿಲಿನಿಂದ ಹೀಗೆ ಕೊಟ್ಟ ಹಾಳೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಹಾಜರಿಯನ್ನು ತಾಲ್ಲೂಕಿನಲ್ಲಿ ಸರಿಪಡಿಸಿಕೊಟ್ಟರು. ಉಳಿದವು ದೂರು ವಹಿಯಲ್ಲಿ ನಮೂದಾದವು, ಅವುಗಳ ಬೆನ್ನು ಹತ್ತಿದೆವು.