ಫೈಲು ಕ್ಷೇಮ, ಬಾಗಿಲು ಮಾತ್ರ ತಪ್ಪಿದೆ

ಕಳೆದ ವಾರ ನಮ್ಮ ಮಾವನವರು ಗಾಬರಿಯಿಂದ ಫೋನ್ ಮಾಡಿದರು. ಸಂಘದ ವಾರ್ಷಿಕ ವರದಿಯನ್ನು ತೆರೆದರೆ ಬರೀ ಚಿತ್ರವಿಚಿತ್ರ ಗುರುತುಗಳಂತೆ. ಮೊದಲಿಗೆ ಮಾತ್ರ ‘ಪಿ’, ‘ಕೆ’ ಎಂಬ ಎರಡು ಇಂಗ್ಲಿಷ್ ಅಕ್ಷರ. ಅಷ್ಟು ಕೇಳಿದ್ದೇ ನನಗೆ ಸಮಾಧಾನವಾಯಿತು. ವರದಿ ಇದ್ದದ್ದು ವರ್ಡ್‌ನ ಡಾಕ್ಸ್ (.docx) ಫೈಲಿನಲ್ಲಿ. ಡಾಕ್ಸ್ ಫೈಲು ಒಳಗಿನಿಂದ ಒಂದು ಜಿಪ್ ಗಂಟು, ಎಂದರೆ ಹಲವು ಫೈಲುಗಳನ್ನು ಕುಗ್ಗಿಸಿ ಒಟ್ಟಿಗೆ ಕಟ್ಟಿದ್ದು; ಜಿಪ್ ರೂಪಿಸಿದ ಫಿಲ್ ಕಾಟ್ಜ್ ಹೆಸರಿನ ಮೊದಲಕ್ಷರಗಳು ಅವು. ವರದಿ ಕೆಟ್ಟಿಲ್ಲ, ವರ್ಡ್ ಬದಲು ಬರೀ ಅಕ್ಷರ ತೋರಿಸುವ ನೋಟ್‌ಪ್ಯಾಡ್ ಅದನ್ನು ತೆರೆಯುತ್ತಿದೆ, ಅಷ್ಟೇ. ಎಂದೋ ಮಾವನವರೇ ಅವಸರದಲ್ಲಿ ನೋಟ್‌ಪ್ಯಾಡ್ ಆರಿಸಿ ‘ಆಲ್ವೇಸ್’ (ಯಾವಾಗಲೂ ಇದರಲ್ಲೇ ತೆರೆ) ಒತ್ತಿದ್ದರು.

ಇದನ್ನು ಸರಿಪಡಿಸಲು ವಿಂಡೋಸ್ 11ರಲ್ಲಿ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ‘ಓಪನ್ ವಿತ್’ ಒಳಗಿನ ‘ಚೂಸ್ ಅನದರ್ ಆ್ಯಪ್’ಗೆ ಹೋಗಿ. ವರ್ಡ್ ಅಥವಾ ಲಿಬ್ರೆ ಆಫೀಸ್ ರೈಟರ್ ಆರಿಸಿ ‘ಆಲ್ವೇಸ್’ ಒತ್ತಿ. ‘ಜಸ್ಟ್ ಒನ್ಸ್’ ಒತ್ತಿದರೆ ನಾಳೆ ಮತ್ತೆ ಅದೇ ರಾಮಾಯಣ.

ಇನ್ನೊಂದು ದಾರಿ: ಸೆಟ್ಟಿಂಗ್ಸ್, ಆ್ಯಪ್ಸ್, ಡೀಫಾಲ್ಟ್ ಆ್ಯಪ್ಸ್. ಮೇಲಿನ ಪೆಟ್ಟಿಗೆಯಲ್ಲಿ ಫೈಲಿನ ಬಾಲವನ್ನು (ಹೆಸರಿನ ಕೊನೆಯಲ್ಲಿರುವ .docx ನಂಥದ್ದು) ಚುಕ್ಕೆ ಸಮೇತ ಟೈಪಿಸಿ, ಅಲ್ಲಿ ಕಾಣುವ ತಂತ್ರಾಂಶವನ್ನು ಬದಲಿಸಿ.

ಫೈಲಿನ ಬಾಲವನ್ನು ಮಾತ್ರ ತಿದ್ದಬೇಡಿ. ಡಾಕ್ಸ್ ಅನ್ನು ಪಿಡಿಎಫ್ ಎಂದು ಕರೆದ ಮಾತ್ರಕ್ಕೆ ಅದು ಪಿಡಿಎಫ್ ಆಗುವುದಿಲ್ಲ. ಮಾವನವರು ಅದನ್ನೂ ಮಾಡಿ ಮುಗಿಸಿದ್ದರು. ಯಾವ ಫೈಲಿಗೆ ಯಾವ ಬಾಲ ಇತ್ತೆಂದು ಪತ್ತೆಹಚ್ಚುವುದಕ್ಕೇ ನನಗೆ ಅರ್ಧ ಗಂಟೆ ಹಿಡಿಯಿತು.