ಪೂರ್ವಗ್ರಹದ ಪಾಠ: ತರಗತಿಯಲ್ಲಿ ನಾನು ಮಾಡುವುದು

‘ಎಲ್ಲರೂ ಸಮಾನರು’ ಎಂದು ಮಕ್ಕಳಿಂದ ಹೇಳಿಸುವುದು ಸುಲಭ. ಮರುಗಳಿಗೆಯಲ್ಲೇ ಆಟಕ್ಕೆ ತಂಡ ಕಟ್ಟುವಾಗ, ಯಾರೂ ಕರೆಯದ ಮಗು ಎಂದಿನಂತೆ ಗೋಡೆಗೆ ಒರಗಿ ನಿಂತಿರುತ್ತದೆ. ಆದ್ದರಿಂದ ತಾರತಮ್ಯದ ಪಾಠವನ್ನು ನಾನು ಉಪದೇಶದಿಂದ ಆರಂಭಿಸುವುದಿಲ್ಲ. ಯಾರ ಜೊತೆ ಯಾರು ಕುಳಿತು ಕೆಲಸ ಮಾಡಬೇಕು ಎಂಬುದರಿಂದಲೇ ಆರಂಭಿಸುತ್ತೇನೆ.

ಈ ವಿಷಯದಲ್ಲಿ ಹೆಸರಾದ ಪ್ರಯೋಗವೊಂದಿದೆ. 1968ರ ಏಪ್ರಿಲ್‌ನಲ್ಲಿ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುದಿನ, ಅಮೆರಿಕದ ಅಯೋವಾದಲ್ಲಿ ಜೇನ್ ಎಲಿಯಟ್ ಎಂಬ ಶಿಕ್ಷಕಿ ತಮ್ಮ ಮೂರನೇ ತರಗತಿಯನ್ನು ಕಣ್ಣಿನ ಬಣ್ಣ ನೋಡಿ ಎರಡು ಪಾಲು ಮಾಡಿದರು. ಒಂದು ಬಣ್ಣದವರು ಮೇಲು, ಇನ್ನೊಂದು ಬಣ್ಣದವರು ಕೀಳು, ಆಮೇಲೆ ಅದಲುಬದಲು. ಮೇಲೆನಿಸಿಕೊಂಡವರು ಸ್ವಲ್ಪ ಹೊತ್ತಿನಲ್ಲೇ ತಮ್ಮ ಗೆಳೆಯರನ್ನು ಹಂಗಿಸತೊಡಗಿದರು. ಈ ಪ್ರಸಂಗವನ್ನು ನಾನು ಹೇಳುತ್ತೇನೆ, ಮಾಡಿಸುವುದಿಲ್ಲ. ಅವಮಾನ ಉಂಡೇ ಬೆಳೆದ ಮಗುವಿಗೆ ಪಾಠದ ಹೆಸರಿನಲ್ಲಿ ಅದನ್ನೇ ಮತ್ತೆ ಬಡಿಸುವ ಹಕ್ಕು ಶಿಕ್ಷಕರಿಗಿಲ್ಲ. ಹೇಳಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ: ‘ಆ ಮಕ್ಕಳಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು?’ ‘ಅವರು ಕೆಟ್ಟವರು’ ಎಂಬ ಉತ್ತರ ಮೊದಲು ಬರುತ್ತದೆ. ಸ್ವಲ್ಪ ಕಾದರೆ ಯಾರಾದರೂ ‘ಟೀಚರೇ ಹೇಳಿದರಲ್ಲ’ ಎನ್ನುತ್ತಾರೆ. ಅಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ.

ನಾನು ಮಾಡಿಸುವುದು ಬೇರೆ. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್ ಶಾಲೆಗಳಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳು ಹೊಸದಾಗಿ ಒಂದೇ ಕೋಣೆಗೆ ಬಂದು ಜಗಳಗಳಾದಾಗ, ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ಪಾಠವನ್ನೇ ತುಂಡು ಮಾಡಿ ಹಂಚುವ ವಿಧಾನ ರೂಪಿಸಿದರು. ಅದಕ್ಕೆ ನಾನು ಆರಿಸಿಕೊಳ್ಳುವ ಪಾಠ ರೂಬಿ ಬ್ರಿಜಸ್ ಬದುಕು. 1960ರ ನವೆಂಬರ್ 14ರಂದು ನ್ಯೂ ಆರ್ಲಿಯನ್ಸ್‌ನಲ್ಲಿ, ಅಲ್ಲಿಯವರೆಗೆ ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಶಾಲೆಗೆ ಕೇಂದ್ರ ಸರ್ಕಾರದ ಅಧಿಕಾರಿಗಳಾದ ಫೆಡರಲ್ ಮಾರ್ಷಲ್‌ಗಳ ಕಾವಲಿನಲ್ಲಿ ಹೋದ ಆರು ವರ್ಷದ ಕಪ್ಪು ಹುಡುಗಿ ಅವಳು. ಒಂದು ಗುಂಪಿಗೆ ಐವರು, ಒಬ್ಬೊಬ್ಬರಿಗೆ ಒಂದರಂತೆ ಐದು ತುಂಡು: ಶಾಲೆಗಳಲ್ಲಿ ಬಿಳಿಯ, ಕಪ್ಪು ಮಕ್ಕಳನ್ನು ಬೇರೆ ಇಡುವುದು ಸಲ್ಲದೆಂದ ಅಮೆರಿಕದ ಸುಪ್ರೀಂ ಕೋರ್ಟಿನ 1954ರ ತೀರ್ಪು, ಶಾಲೆಯ ಮುಂದೆ ಕೂಗಾಡಿದ ಜನ, ಬಿಳಿಯ ಪೋಷಕರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿಕೊಂಡು ಹೋದದ್ದು, ಅವಳೊಬ್ಬಳಿಗೇ ವರ್ಷವಿಡೀ ಪಾಠ ಹೇಳಿದ ಬಾರ್ಬರಾ ಹೆನ್ರಿ, ಕೆಲಸ ಕಳೆದುಕೊಂಡ ಅಪ್ಪ.

ಬೇರೆ ಬೇರೆ ಗುಂಪುಗಳಲ್ಲಿ ಒಂದೇ ತುಂಡು ಸಿಕ್ಕವರೆಲ್ಲ ಮೊದಲು ಒಟ್ಟಿಗೆ ಕುಳಿತು ಅದನ್ನು ಅರಗಿಸಿಕೊಳ್ಳುತ್ತಾರೆ. ತಮ್ಮ ಗುಂಪಿಗೆ ಮರಳುವ ಮುನ್ನ ಕಾಗದಗಳನ್ನು ನಾನು ವಾಪಸ್ ಪಡೆಯುತ್ತೇನೆ. ಇದು ಸಣ್ಣ ವಿಷಯವಲ್ಲ. ಕಾಗದ ಕೈಯಲ್ಲಿದ್ದರೆ ಚುರುಕಿನ ಮಗು ಅದನ್ನು ಕಿತ್ತುಕೊಂಡು ತಾನೇ ಓದಿಬಿಡುತ್ತದೆ. ಮೆಲ್ಲಗೆ ಮಾತನಾಡುವವಳು ಮತ್ತೆ ಮೂಲೆಗೆ ಸರಿಯುತ್ತಾಳೆ. ಕಾಗದವಿಲ್ಲದಿದ್ದರೆ ಅವಳನ್ನೇ ಕೇಳಬೇಕು, ಅವಳು ಮಾತು ಹುಡುಕುವಷ್ಟು ಹೊತ್ತು ಕಾಯಬೇಕು. ‘ಬೇಗ ಹೇಳು’ ಎಂದು ಗದರುತ್ತಿದ್ದ ಹುಡುಗ ‘ಅಪ್ಪನ ಕೆಲಸ ಯಾಕೆ ಹೋಯಿತು?’ ಎಂದು ಬಿಡಿಸಿ ಕೇಳತೊಡಗಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದೇನೆ.

ಚರ್ಚೆಯಲ್ಲಿ ಯಾವ ಮಗುವನ್ನೂ ಅದರ ಹುಟ್ಟು, ಬಣ್ಣ, ಭಾಷೆಗೆ ವಕ್ತಾರನನ್ನಾಗಿ ನಿಲ್ಲಿಸುವುದಿಲ್ಲ. ‘ನಿನಗೆ ಹೀಗಾಗಿದೆಯಾ?’ ಎಂದು ಎಲ್ಲರೆದುರು ಕೇಳುವುದಿಲ್ಲ. ತಾನಾಗಿ ಹೇಳಿದರೆ ಪೂರ್ತಿ ಕೇಳುತ್ತೇನೆ.

ಗುಂಪಿನಿಂದ ತಮ್ಮ ಮಗುವಿನ ಅಂಕ ಇಳಿಯುತ್ತದೆಂದು ಕೆಲವು ಪೋಷಕರು ಆತಂಕಪಡುತ್ತಾರೆ. ಗುಂಪಿಗೆ ಅಂಕವೇ ಇಲ್ಲ. ಪರೀಕ್ಷೆಯನ್ನು ಪ್ರತಿಯೊಬ್ಬರೂ ತಾವೇ ಬರೆಯುತ್ತಾರೆ. ಪ್ರಶ್ನೆಗಳು ಮಾತ್ರ ಐದೂ ತುಂಡುಗಳಿಂದ ಬರುತ್ತವೆ.