ಹಗುರ ಹಾಟ್ ರಾಡ್‌ಗೆ ಫ್ಲಾಟ್‌ಹೆಡ್: ಮೊದಲು ಬೋಲ್ಟ್ ಎಣಿಸಿ
ಹಗುರವಾದ ಹಾಟ್ ರಾಡ್‌ಗೆ (ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಕಾರು) ಹಳೆಯ ಫೋರ್ಡ್ ಫ್ಲಾಟ್‌ಹೆಡ್ ವಿ8 (ವಾಲ್ವ್‌ಗಳು ಸಿಲಿಂಡರ್‌ಗಳ ಪಕ್ಕದಲ್ಲಿರುವ ಎಂಟು ಸಿಲಿಂಡರ್ ಎಂಜಿನ್) ಹುಡುಕುತ್ತಿದ್ದರೆ, ಮೊದಲು ಒಂದು ಹೆಡ್‌ನಲ್ಲಿ, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳದಲ್ಲಿ, ಎಷ್ಟು ಬೋಲ್ಟ್ ಇವೆ ಎಂದು ಎಣಿಸಿ. 17 ಇದ್ದರೆ ಅದು ಚಿಕ್ಕ ವಿ8-60. 21 ಅಥವಾ 24 ಇದ್ದರೆ ದೊಡ್ಡಣ್ಣ. ಹಗುರ ಗಾಡಿಗೆ ಚಿಕ್ಕದೇ ಚೆನ್ನ. ಅದು 1937ರಿಂದ 1940ರವರೆಗೆ ಅಮೆರಿಕದ ಫೋರ್ಡ್ ಕಾರುಗಳಲ್ಲಿ ಬಂದದ್ದು, ಸುಮಾರು 2.2 ಲೀಟರ್, 60 ಅಶ್ವಶಕ್ತಿ. ಪೂರ್ತಿ ಗಾತ್ರದ ಕಾರಿಗೆ ಅದು ಸಾಲಲಿಲ್ಲ, ನಿಜ. ಆದರೆ ಮುಂಭಾಗದ ತೂಕ ಕಡಿಮೆಯಾದರೆ ಗಾಡಿ ತಿರುವಿನಲ್ಲಿ ಸಲೀಸಾಗಿ ತಿರುಗುತ್ತದೆ. ಅಲ್ಲಿನ ಪುಟ್ಟ ಮಿಡ್ಜೆಟ್ ರೇಸ್ ಕಾರುಗಳವರು ಇದನ್ನು ಸುಮ್ನೆ ಹಚ್ಚಿಕೊಂಡಿದ್ದಲ್ಲ. ಕೊಳ್ಳುವ ಮುಂಚೆ ಬ್ಲಾಕ್‌ನ (ಸಿಲಿಂಡರ್‌ಗಳಿರುವ ಎಂಜಿನ್ ದೇಹ) ಪಕ್ಕಗಳನ್ನು ಚೆನ್ನಾಗಿ ನೋಡಿ. ಆರಂಭದ ಬ್ಲಾಕ್‌ಗಳಲ್ಲಿ ನೀರು ಓಡಾಡುವ ಜಾಗದ ಹೊರಗೋಡೆ ಎರಕದ್ದಲ್ಲ, ಉಕ್ಕಿನ ತಗಡು. ಅದು ತುಕ್ಕು ತಿಂದು ತೂತಾಗುತ್ತದೆ, ಅಂಥದ್ದು ಅಗ್ಗಕ್ಕೆ ಸಿಕ್ಕರೂ ಬೇಡ. ವಾಲ್ವ್ ಮತ್ತು ಸಿಲಿಂಡರ್ ನಡುವೆ ಬಿರುಕು ಇದೆಯೇ ಅಂತಲೂ ಪರೀಕ್ಷೆ ಮಾಡಿಸಿ, ಆಮೇಲೆ ಬೋರಿಂಗ್‌ಗೆ (ಸಿಲಿಂಡರ್ ಒಳಗೋಡೆ ಕೊರೆದು ಅಗಲಿಸುವುದು) ದುಡ್ಡು ಹಾಕಿ. ಭಾರದ ಉಕ್ಕಿನ ಬಾಡಿ ಅಥವಾ ಘಾಟಿ ರಸ್ತೆ ಜಾಸ್ತಿ ಇದ್ದರೆ ಈ ಎಂಜಿನ್ ಕೈಕೊಡುತ್ತದೆ. ಹೊಗೆಯ ದಾರಿ ಬ್ಲಾಕ್ ಒಳಗಿಂದಲೇ ಹೋಗುವುದರಿಂದ ನೀರು ಬೇಗ ಕಾಯುತ್ತದೆ, ರೇಡಿಯೇಟರ್‌ನಲ್ಲಿ ಜಿಪುಣತನ ಬೇಡ. ದೊಡ್ಡ ವಿ8ರ ಹೆಡ್, ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಸಂದಿ ಮುಚ್ಚುವ ಹಾಳೆ) ಇದಕ್ಕೆ ಕೂರುವುದಿಲ್ಲ. ಬಿಡಿಭಾಗ ಸಿಗದಿದ್ದರೆ ಫ್ರಾನ್ಸಿನ ಸಿಮ್ಕಾ ವೆಡೆಟ್ ಕಾರಿನ ಕಡೆಗೂ ಕಣ್ಣು ಹಾಯಿಸಿ, ಅದರ ವಿ8 ಇದೇ ವಂಶದ್ದು.